ವೋಕಲ್ ಕಾರ್ಡ್ ಪಾಲಿಪ್‌ನಿಂದ ಉಸಿರಾಟಕ್ಕೆ ತೊಂದ್ರೆ ಆಗುತ್ತಾ?

ನಿಮ್ಮ ಅಕ್ಕ ಟೀಚರ್, ಎರಡು ತಿಂಗಳಿಂದ ಗಂಟಲು ಕಟ್ಟಿದೆ, ಸ್ಕೋಪಿ (ಕ್ಯಾಮೆರಾ ಹಾಕಿ ಗಂಟಲೊಳಗೆ ನೋಡೋದು) ಮಾಡಿ ಒಂದು ಕಡೆಯ ವೋಕಲ್ ಕಾರ್ಡ್ ಅಂದ್ರೆ ಧ್ವನಿತಂತು ಮೇಲೆ ಸಣ್ಣ ಪಾಲಿಪ್ (ಮೆತ್ತನೆ ಗಂಟು) ಇದೆ ಅಂದಿದಾರೆ, ಉಸಿರು ಕಟ್ಟಿಬಿಡುತ್ತಾ ಅಂತ ಕೇಳಿದೀರಿ. ಸಣ್ಣದಾದ್ರೆ ಸಾಮಾನ್ಯವಾಗಿ ಉಸಿರಿಗೇನೂ ಆಗಲ್ಲ, ಹೊಡೆತ ಬೀಳೋದು ದನಿಗೆ. ಮಾತಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗ್ತವೆ, ನಡುವೆ ಗಂಟಿದ್ರೆ ಬಾಗಿಲ ಸಂದೀಲಿ ಬಟ್ಟೆ ಸಿಕ್ಕಂಗೆ, ಪೂರ್ತಿ ಮುಚ್ಚಲ್ಲ, ಗಾಳಿ ಸೋರುತ್ತೆ, ಅದಕ್ಕೇ ವಾಕ್ಯ ಮುಗಿಯೋಕೆ ಮುಂಚೆನೇ ದಮ್ಮು ಸಾಲದೆ ಸುಸ್ತಾಗೋದು.

ನಾಡ್ಯೂಲ್ ಆಗಿದ್ರೆ (ಧ್ವನಿತಂತು ಮೇಲೆ ಆಣಿ ಥರ ದಪ್ಪಗಾಗೋ ಗಂಟು, ಅದು ಸಾಮಾನ್ಯವಾಗಿ ಎರಡೂ ಕಡೆ ಇರುತ್ತೆ) ಹೆಚ್ಚಿನವರಿಗೆ ವಾಯ್ಸ್ ಥೆರಪಿಲೇ (ದನಿ ಸರಿಯಾಗಿ ಬಳಸೋ ತರಬೇತಿ) ಕಮ್ಮಿಯಾಗುತ್ತೆ, ಪಾಲಿಪ್‌ಗೆ ಎಷ್ಟೋ ಸಲ ಆಪರೇಷನ್ ಬೇಕಾಗುತ್ತೆ, ಆದ್ರೂ ಥೆರಪಿ ಬಿಡಬೇಡಿ, ಕೂಗಿ ಪಾಠ ಮಾಡೋ ಅಭ್ಯಾಸ ಹೋಗದಿದ್ರೆ ಮತ್ತೆ ಬರಬಹುದು. ಪಾಪಿಲೋಮ (ನರಹುಲಿ ಥರದ ಗಂಟು) ಬೇರೆ ಕಥೆ, ಎಚ್‌ಪಿವಿ ವೈರಸ್ಸಿಂದ ಬರೋದು, ತೆಗೆದ್ರೂ ಮತ್ತೆ ಬೆಳೆಯುತ್ತೆ, ಉಸಿರಿನ ದಾರಿ ಮುಚ್ಚೋ ಭಯ ಅದರಲ್ಲಿ ಜಾಸ್ತಿ.

ಪಿಸುಮಾತಲ್ಲಿ ಮಾತಾಡಿಸ್ಬೇಡಿ ದಯವಿಟ್ಟು, ಬಲವಂತದ ಪಿಸುಮಾತೂ ಗಂಟಲಿಗೆ ಶ್ರಮನೇ, ಮೆಲ್ಲಗೆ ಸಹಜ ದನೀಲೇ ಮಾತಾಡ್ಲಿ. ಪದೇಪದೇ ಗಂಟಲು ಕ್ಯಾಕರಿಸೋದು ಬದಲು ಒಂದು ಗುಟುಕು ನೀರು ಕುಡೀಲಿ. ಉಸಿರು ಎಳ್ಕೊಳ್ಳುವಾಗ ಸುಂಯ್ ಅಂತ ಸದ್ದು ಬಂದ್ರೆ, ಮಲಗಿದಾಗ ಉಸಿರು ಸಿಗದಿದ್ರೆ ಅಪಾಯಿಂಟ್ಮೆಂಟ್‌ಗೆ ಕಾಯದೆ ಸೀದಾ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.