ಬೇರೆ ಹೆಸರು ಬೇಕೇ?

ಪ್ರಶ್ನೆ: ಇಂಗ್ಲಿಷ್ ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿ ಮೊದಮೊದಲು ಬೇರೆ ಹೆಸರಿನಲ್ಲಿ ಬರೆದರಂತೆ. ಹೆಣ್ಣೆಂಬ ಅಳುಕಿನಿಂದಲೇ? ನನ್ನ ಕವಿತೆಗಳು ಮೂರು ಸಲ ವಾಪಸು ಬಂದಿವೆ. ನಾನೂ ಹೆಸರು ಬದಲಾಯಿಸಿಕೊಳ್ಳಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ಆ ಹೆಸರು ‘ಎಲೆನ್ ಅಲೆಯ್ನ್’. ಅದೂ ಹೆಣ್ಣಿನ ಹೆಸರೇ ಅಲ್ಲವೇ? ಹೆಣ್ಣೆಂಬುದನ್ನು ಮುಚ್ಚಿಡುವ ಉದ್ದೇಶವಿದ್ದಿದ್ದರೆ ಗಂಡಿನ ಹೆಸರು ಇಡುತ್ತಿದ್ದರು. ಅದನ್ನು ಇಟ್ಟವರು ಅಣ್ಣ ದಾಂತೆ ಗೇಬ್ರಿಯಲ್. 1850ರಲ್ಲಿ ಅಣ್ಣಂದಿರೂ ಅವರ ಗೆಳೆಯರೂ ಸೇರಿ ‘ದಿ ಜರ್ಮ್’ ಪತ್ರಿಕೆ ಹೊರಡಿಸಿದರು; ಇನ್ನೊಬ್ಬ ಅಣ್ಣ ವಿಲಿಯಂ ಸಂಪಾದಕ. ನಾಲ್ಕೇ ಸಂಚಿಕೆಗೆ ಅದು ನಿಂತುಹೋಯಿತು. ಅಷ್ಟರಲ್ಲೇ ಕ್ರಿಸ್ಟಿನಾ ಅವರ ಏಳು ಕವಿತೆಗಳು ಅದರಲ್ಲಿ ಬಂದಿದ್ದವು. ಅದಕ್ಕೂ ಮೊದಲು, 1848ರಲ್ಲಿ, ಹದಿನೇಳರ ಹುಡುಗಿಯ ಎರಡು ಕವಿತೆಗಳನ್ನು ‘ಅಥೇನಿಯಂ’ ವಾರಪತ್ರಿಕೆ ಅಚ್ಚು ಹಾಕಿತ್ತು.

ಆಮೇಲಿನ ವರ್ಷಗಳನ್ನು ನೀವು ಗಮನಿಸಬೇಕು. 1854ರಲ್ಲಿ ಅವರು ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯ ಲೇಖಕ ಏಟನ್ ಅವರಿಗೆ ಕವಿತೆಗಳನ್ನು ಕಳುಹಿಸಿ, ತಮ್ಮ ಬರಹ ತೀರಾ ತೆಗೆದುಹಾಕುವಂಥದ್ದಲ್ಲ ಎಂದು ವಿನಯದಿಂದಲೇ, ಆದರೆ ತಲೆ ತಗ್ಗಿಸದೆ ಬರೆದರು. ಕವಿತೆಗಳು ಅಚ್ಚಾಗಲಿಲ್ಲ. ಬರೆಯುವುದು ನಿಲ್ಲಲಿಲ್ಲ. 1858ರ ಜೂನ್‌ನಲ್ಲಿ ಬರೆದ ‘ಅಪ್‌ಹಿಲ್’ ಬೆಳಕು ಕಂಡದ್ದು 1861ರ ಫೆಬ್ರುವರಿಯಲ್ಲಿ, ‘ಮ್ಯಾಕ್‌ಮಿಲನ್ಸ್ ಮ್ಯಾಗಜೀನ್’ನಲ್ಲಿ. ಮರುವರ್ಷ ಅದೇ ಪ್ರಕಾಶಕರು ‘ಗಾಬ್ಲಿನ್ ಮಾರ್ಕೆಟ್’ ಸಂಕಲನ ತಂದರು, ಕ್ರಿಸ್ಟಿನಾ ರೊಸೆಟ್ಟಿ ಎಂಬ ಹೆಸರಿನಲ್ಲೇ.

‘ಅಪ್‌ಹಿಲ್’ ನನಗೆ ಬಹಳ ಹತ್ತಿರದ ಕವಿತೆ. ಹದಿನಾರೇ ಸಾಲು, ಒಂದು ಸಾಲು ಪ್ರಶ್ನೆ, ಮುಂದಿನದು ಉತ್ತರ. ದಾರಿ ಉದ್ದಕ್ಕೂ ಏರುತ್ತಲೇ ಹೋಗುತ್ತದೆಯೇ ಎಂದರೆ, ಹೌದು, ಕೊನೆಯವರೆಗೂ ಎಂಬ ಉತ್ತರ. ಪಾಠ ಮಾಡುವಾಗ ಎಡಗಡೆಯ ಬೆಂಚಿನವರಿಂದ ಪ್ರಶ್ನೆ, ಬಲಗಡೆಯವರಿಂದ ಉತ್ತರ ಓದಿಸುತ್ತಿದ್ದೆ. ಕೇಳುವ ದನಿಯಲ್ಲಿ ಆತಂಕ ಹೆಚ್ಚುತ್ತಾ ಹೋಗುತ್ತದೆ: ಕತ್ತಲಾದರೆ? ತಂಗುದಾಣ ಕಣ್ಣಿಗೆ ಬೀಳದೆ ಹೋದರೆ? ಉತ್ತರಿಸುವವರು ಮಾತ್ರ ಒಮ್ಮೆಯೂ ಗದರುವುದಿಲ್ಲ, ಸುಳ್ಳು ಸಮಾಧಾನವನ್ನೂ ಹೇಳುವುದಿಲ್ಲ. ಬಂದವರಿಗೆಲ್ಲ ಹಾಸಿಗೆ ಇದೆ ಎಂಬ ಕೊನೆಯ ಸಾಲಿಗೆ ಬರುವಾಗ ತರಗತಿ ಪೂರ್ತಿ ಮೌನವಾಗಿರುತ್ತಿತ್ತು.

ನಿಮ್ಮ ಹೆಸರನ್ನು ಹಾಗೆಯೇ ಇರಿಸಿಕೊಳ್ಳಿ. ವಾಪಸು ಬಂದ ಮೂರನ್ನೂ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ, ನಾಲಿಗೆ ತೊಡರಿದ ಕಡೆ ತಿದ್ದಿ, ಬೇರೊಂದು ಪತ್ರಿಕೆಗೆ ಕಳುಹಿಸಿ.