ಗ್ಲೌಸ್ ಹರಿದಿಲ್ಲ, ಆದ್ರೂ ಕೈ ಉರಿಯೋದ್ಯಾಕೆ?

ಪ್ರಶ್ನೆ: ಸರ್, ವಸಂತನರಸಾಪುರದ ಫ್ಯಾಕ್ಟರೀಲಿ ದಿನಾ ಅಸಿಟೋನ್‌ನಲ್ಲಿ ಪಾರ್ಟ್ಸ್ ತೊಳೀತೀನಿ. ನೈಟ್ರೈಲ್ ಅನ್ನೋ ರಬ್ಬರ್ ಗ್ಲೌಸ್ ಕೊಟ್ಟಿದ್ದಾರೆ, ಎಲ್ಲೂ ತೂತಿಲ್ಲ, ಆದ್ರೂ ಸಾಯಂಕಾಲಕ್ಕೆ ಬೆರಳೆಲ್ಲಾ ಉರಿ. ಟೆಸ್ಟ್ ಆಗಿರೋ ಮಾಲು ಅಂತಾರಲ್ಲ?
- ಓದುಗರು, ತುಮಕೂರು

ಉತ್ತರ: ಟೆಸ್ಟ್ ಆಗಿರುತ್ತೆ, ಆದ್ರೆ ಯಾವ ಕೆಮಿಕಲ್‌ಗೆ ಅನ್ನೋದೇ ಮುಖ್ಯ. ತೂತಿಲ್ದೆ ಇದ್ರೂ ಕೆಮಿಕಲ್ ರಬ್ಬರ್ ಒಳಗೇ ಕರಗಿ, ಕಣ್ಣಿಗೆ ಕಾಣದ ಹಾಗೆ ಕೈ ಕಡೆಗೆ ಬಂದ್ಬಿಡುತ್ತೆ, ಅದಕ್ಕೇ ಲ್ಯಾಬಲ್ಲಿ ಗ್ಲೌಸಿಂದ ಒಂದು ತುಂಡು ಕತ್ತರಿಸಿ ಒಂದು ಕಡೆ ಕೆಮಿಕಲ್ ಇಟ್ಟು ಇನ್ನೊಂದು ಕಡೆ ಎಷ್ಟೊತ್ತಿಗೆ ಬಂತು ಅಂತ ಅಳೀತಾರೆ. ಐಎಸ್‌ಒ 374 ಅನ್ನೋ ಕೆಮಿಕಲ್ ಗ್ಲೌಸಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ 1 ಮೈಕ್ರೋಗ್ರಾಂ ವೇಗದಲ್ಲಿ ಕೆಮಿಕಲ್ ದಾಟೋಕೆ ಎಷ್ಟು ಹೊತ್ತು ಹಿಡೀತು ಅನ್ನೋದೇ ಲೆಕ್ಕ. 10 ನಿಮಿಷ ಮೀರಿದ್ರೆ ಲೆವೆಲ್ 1, 480 ಮೀರಿದ್ರೆ ಲೆವೆಲ್ 6.

ಪ್ಯಾಕೆಟ್ ಮೇಲೆ ಫ್ಲಾಸ್ಕ್ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರಗಳಿರ್ತವೆ, ನೋಡಿ. ಬಿ ಅಂದ್ರೆ ಅಸಿಟೋನ್, ಕೆ ಅಂದ್ರೆ 40% ಕಾಸ್ಟಿಕ್ ಸೋಡಾ. ನಿಮ್ಮದ್ರಲ್ಲಿ ಬಿ ಇರೋದು ಅನುಮಾನ, ಯಾಕಂದ್ರೆ ತೆಳು ನೈಟ್ರೈಲ್ ಎಣ್ಣೆ ಗ್ರೀಸಿಗೆ ಚೆನ್ನಾಗಿ ತಡೀತದೆ, ಅಸಿಟೋನ್‌ಗೆ ಕೆಲವೇ ನಿಮಿಷ. ಅದಕ್ಕೆ ಬ್ಯೂಟೈಲ್ ರಬ್ಬರ್ ಬೇಕು, ರೇಟ್ ಜಾಸ್ತಿ ನಿಜ, ಆದ್ರೂ ಕೇಳಿ, ಕೊಡೋದು ಮಾಲೀಕರ ಜವಾಬ್ದಾರಿ. ಲ್ಯಾಬ್ ಟೆಸ್ಟ್ ನಡೆಯೋದು 23 ಡಿಗ್ರೀಲಿ, ಕೈ ಬಿಸಿಗೆ ಇನ್ನೂ ಬೇಗ ದಾಟುತ್ತೆ. ಗ್ಲೌಸ್ ಊದಿಕೊಂಡ್ರೆ ಅಥವಾ ಮೆತ್ತಗಾದ್ರೆ ಆಗ್ಲೇ ಬಿಸಾಕಿ. ಉರಿ ನಿಲ್ಲದಿದ್ರೆ ಚರ್ಮದ ಡಾಕ್ಟರಿಗೆ ತೋರಿಸಿ, ತಡ ಮಾಡ್ಬೇಡಿ.