ಡ್ರಾಯರ್ ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ) ಕೂರಿಸುವಾಗ ಟೇಪ್ ಹಿಡಿದು ಅಳೆದರೂ ಎಡ-ಬಲ ಏಕೆ ಸಮ ಬರುವುದಿಲ್ಲ?

ಟೇಪಿನಲ್ಲಿ ಪ್ರತಿ ಸಲವೂ ಹೊಸ ತಪ್ಪು ಸೇರುತ್ತದೆ, ಅದಕ್ಕೆ. ಪೆನ್ಸಿಲ್ ಗೆರೆಯ ದಪ್ಪ, ಓರೆಯಾಗಿ ನೋಡುವ ಕಣ್ಣು, ಟೇಪಿನ ತುದಿಯ ಬಾಗಿದ ಕೊಕ್ಕೆ. ಬದಲಿಗೆ ಬೇಕಾದ ಎತ್ತರಕ್ಕೆ ಒಂದು ಪ್ಲೈವುಡ್ ತುಂಡು ಕೊಯ್ದು, ಚಾನೆಲ್ಲನ್ನು ಅದರ ಮೇಲೆ ಕೂರಿಸಿ ಸ್ಕ್ರೂ ಹಾಕಿ. ಅದೇ ತುಂಡನ್ನು ಇನ್ನೊಂದು ಬದಿಗೂ ಇಡಿ. ತುಂಡು ಅರ್ಧ ಮಿ.ಮೀ. ಹೆಚ್ಚುಕಮ್ಮಿ ಇದ್ದರೂ ಎರಡೂ ಕಡೆ ಅಷ್ಟೇ ಹೆಚ್ಚುಕಮ್ಮಿ. ಡ್ರಾಯರ್ ಸಲೀಸಾಗಿ ಓಡಲು ಅಳತೆ ಕರಾರುವಾಕ್ಕಾಗಿರುವುದಕ್ಕಿಂತ ಎಡ-ಬಲ ಒಂದೇ ಇರುವುದು ಮುಖ್ಯ.

ಚಾನೆಲ್ 18 ಇಂಚಿದ್ದರೆ ತುಂಡೂ ಹೆಚ್ಚುಕಡಿಮೆ ಅಷ್ಟೇ ಉದ್ದವಿರಲಿ. ಗಿಡ್ಡ ತುಂಡಿನ ಮೇಲೆ ಚಾನೆಲ್ ಹಿಂದಕ್ಕೆ ವಾಲುತ್ತದೆ. ಗಟ್ಟಿಮರ ಬೇಡ, ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ; 18 ಮಿ.ಮೀ. ಪ್ಲೈವುಡ್ ಅಷ್ಟು ಆಟ ಆಡುವುದಿಲ್ಲ. ಡ್ರಾಯರ್‌ಗಳ ಮುಂಭಾಗದ ಫಲಕಗಳ ನಡುವಿನ ಸಂದಿಗೆ 1 ಮಿ.ಮೀ. ಸನ್‌ಮೈಕಾ ಚೂರು ಎರಡು ಜೋಡಿಸಿದರೆ 2 ಮಿ.ಮೀ. ಸಿದ್ಧ.

ತುಂಡಿನ ಮೇಲೆ ಅಳತೆ, ಕೆಲಸ ಎರಡನ್ನೂ ಮಾರ್ಕರಿನಲ್ಲಿ ದಪ್ಪಗೆ ಬರೆದು, ತೂತು ಕೊರೆದು ಮೊಳೆಗೆ ನೇತುಹಾಕಿ. ನಮ್ಮದು ದಾವಣಗೆರೆ, ಏನೂ ಬರೆಯದ ನನ್ನ ಮೊದಲ ತುಂಡು ಚೂರುಪಾರಿನ ಚೀಲದಲ್ಲಿ ಮಂಡಕ್ಕಿ ಭಟ್ಟಿಗೆ ಸೌದೆಯಾಗಿ ಹೋಯಿತು.